ಬಣ್ಣ ತೊಳೆಯುವ ತನಕ

ನಮ್ಮ ಮನೆಯಲ್ಲಿ ಬೈಗುಳಕ್ಕೆ ಅಂಥ ಅಭ್ಯಂತರವಿರಲಿಲ್ಲ. ವೇಷ ಎಂಬ ಮಾತಿಗಿತ್ತು. ಶಾಲೆಯ ವೇಷಭೂಷಣ ಸ್ಪರ್ಧೆಗೆ ಓಣಿಯ ಮಕ್ಕಳೆಲ್ಲ ರಾಣಿ, ಸೈನಿಕ, ಬದನೆಕಾಯಿ ಆಗಿ ಹೊರಟರೆ ನಾನೊಬ್ಬಳು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಹೋಗಿ ಚಪ್ಪಾಳೆ ತಟ್ಟಿ ಬರುತ್ತಿದ್ದೆ. ಒಂದು ವರ್ಷ, ಬದನೆಕಾಯಿಯಾದರೂ ಆಗುತ್ತೇನೆಂದು ಅತ್ತಿದ್ದಕ್ಕೆ ಅಪ್ಪ, "ನನ್ನ ಮಕ್ಕಳು ಯಾರ ಮುಂದೂ ವೇಷ ಹಾಕಂಗಿಲ್ಲ" ಎಂದು ಉಣ್ಣುವ ತಟ್ಟೆ ಬಿಟ್ಟು ಎದ್ದಿದ್ದ. ಬದನೆಕಾಯಿ ಅಲ್ಲಿಗೆ ಬಾಡಿತು.

ಅಪ್ಪನ ಹೆಸರು ಯಂಕೋಬ, ಊರು ಮಲ್ಲಟ. ಚಿಕ್ಕಂದಿನಲ್ಲಿ ಅವನಿಗೆ ವಿಪರೀತ ಜ್ವರ ಬಂದಾಗ ಅಜ್ಜಿ ಹುಲಗೆಮ್ಮ, ಹುಡುಗ ಉಳಿದರೆ ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಹುಲಿವೇಷ ಹಾಕಿಸುತ್ತೇನೆಂದು ಪೀರಲ ದೇವರಿಗೆ ಹರಕೆ ಹೊತ್ತಳು. ಹುಡುಗ ಉಳಿದ. ಪ್ರತಿ ವರ್ಷ, ಪೀರುಗಳ ಸೇವೆ ಮಾಡುವ ಸತ್ತಾರ್ ಸಾಬರು ಅವನ ಮೈಗೆ ಹಳದಿ ಬಳಿದು ಕಪ್ಪು ಪಟ್ಟೆ ಎಳೆಯುತ್ತಿದ್ದರು. ಅಲ್ಲಿ ಒಂದು ಕಟ್ಟಳೆಯಿತ್ತು. ಬಣ್ಣ ಹಚ್ಚಿದ ಮೇಲೆ, ಅದನ್ನು ತೊಳೆಯುವ ತನಕ ವೇಷದವನ ಹೆಸರನ್ನು ಯಾರೂ ಹೇಳಬಾರದು, ಹೆತ್ತವಳೂ ಹೇಳಬಾರದು. ಅಷ್ಟು ಹೊತ್ತು ಅವನು ದೇವರಿಗೆ ಸೇರಿದವನು. ಹಬ್ಬದ ಕೊನೆಗೆ ಪೀರುಗಳು ಹೊಳೆಗೆ ಹೋದ ದಿನ ಸತ್ತಾರ್ ಸಾಬರೇ ತಲೆಯ ಮೇಲೆ ನೀರು ಸುರಿದು, "ಬಾಪ್ಪಾ ಯಂಕೋಬ" ಎಂದು ಕರೆದು ಹೆಸರನ್ನು ತಿರುಗಿ ಕೊಡುತ್ತಿದ್ದರು.

ಅಲ್ಲಿಗೆ ಮುಗಿಯಬೇಕಿತ್ತು. ನಮ್ಮ ಕೇರಿಯ ಹುಡುಗನ ಪಾಲಿಗೆ ಮುಗಿಯಲಿಲ್ಲ. ಹಬ್ಬದಲ್ಲಿ ತಮ್ಮ ಅಂಗಳಕ್ಕೆ ಕರೆಸಿ "ಏ ಹುಲಿ, ಕುಣಿ" ಎಂದ ದೊಡ್ಡ ಮನೆಯವರು ವರ್ಷವಿಡೀ ಹೊಲದಲ್ಲಿ, ದಾರಿಯಲ್ಲಿ, ಅಂಗಡಿಯ ಮುಂದೆ ಹಾಗೆಯೇ ಕರೆದರು. ಓದಿ ಮಾಸ್ತರನಾದ, 'ಹುಲಿ ಮಾಸ್ತರ' ಅಂದರು. ದೇವದುರ್ಗಕ್ಕೆ ವರ್ಗ ಮಾಡಿಸಿಕೊಂಡ. ಅಲ್ಲೂ ಒಂದು ಸಂತೆಯ ದಿನ ಮಲ್ಲಟದವನೊಬ್ಬ, ನಾನು ಅಪ್ಪನ ಬೆರಳು ಹಿಡಿದು ನಿಂತಿರುವಾಗಲೇ, "ಏ ಹುಲಿ, ಒಂದು ಹೆಜ್ಜಿ ಹಾಕಲೇ" ಎಂದು ನಕ್ಕ. ಅಪ್ಪನೂ ನಕ್ಕ. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಯಾರನ್ನು ಕ್ಷಮಿಸಬೇಕೆಂಬುದು ಮಾತ್ರ ಗೊತ್ತಾಗಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ರಾಯಚೂರಿನ ವಿಜ್ಞಾನ ಕಲ್ಪನಾ ಸಮ್ಮೇಳನದ ವೇಷ ಸ್ಪರ್ಧೆಗೆ ನಾನು ಹೆಸರು ಕೊಟ್ಟೆ. ಮಾನವಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು, ವಯಸ್ಸು ಮೂವತ್ತು ದಾಟಿದೆ, ಬದನೆಕಾಯಿಯ ಆಸೆ ದಾಟಿಲ್ಲ. ಗ್ರಹ, ನಕ್ಷತ್ರ, ಬೇರೆ ಲೋಕದ ಕಥೆಗಳನ್ನು ಓದಿಯೇ ನಾನು ಬೆಳೆದದ್ದು. ಆ ಲೋಕಗಳಲ್ಲಿ ನಮ್ಮ ಕಡೆಯವಳೊಬ್ಬಳು ಯಾಕೆ ಕಾಲಿಡಬಾರದು? ಮುಂದಿನ ಶತಮಾನದಲ್ಲಿ ಮಂಗಳ ಗ್ರಹಕ್ಕೆ ಭತ್ತ ನಾಟಿ ಮಾಡಲು ಹೋದ ಮಾನವಿ ತಾಲೂಕಿನ ಹೆಣ್ಣುಮಗಳು ನಾನಾಗಬೇಕು. ಹುಲಿವೇಷ ಬೇರೆ, ಇದು ಬೇರೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ.

ಯೂರಿಯಾ ಚೀಲಗಳನ್ನು ಕತ್ತರಿಸಿ ಅವ್ವ ಅಮರಮ್ಮ ಅಂಗಿ ಹೊಲಿದಳು. ಸ್ಕೂಟಿಯ ಹೆಲ್ಮೆಟ್ಟಿಗೆ ವಾಷಿಂಗ್ ಮಷೀನಿನ ಪೈಪು ಜೋಡಿಸಿದೆ.

"ಚೀಲದ ವಾಸನಿ ಹೋಗಿಲ್ಲ ಬೇ," ಎಂದಳು ಅವ್ವ. "ಮಂಗಳದಾಗ ಯಾರಿಗೂ ಮೂಗಿರಂಗಿಲ್ಲೇನು?"

ವಾಸನೆ ಹೋಗಲೆಂದು ಹಿತ್ತಲಿನ ತಂತಿಯ ಮೇಲೆ ಹಾಕಿದ್ದೇ ತಪ್ಪಾಯಿತು. ಅಪ್ಪ ನೋಡಿಬಿಟ್ಟ. ಬೈಯಲಿಲ್ಲ. ಹೊಲಿಗೆಯ ಮೇಲೆ ಬೆರಳಾಡಿಸಿ, "ಕುಣಸ್ತಾರೇನು?" ಎಂದು ಕೇಳಿದ.

"ಇಲ್ಲಪ್ಪಾ, ಸುಮ್ಮ ನಡದು ಬರೋದು."

"ನಾನೂ ಬರ್ತೀನಿ."

ಬೈದಿದ್ದರೆ ಹೆದರುತ್ತಿರಲಿಲ್ಲ. ಇದಕ್ಕೆ ಹೆದರಿದೆ. ಮಗಳನ್ನು ಯಾರೋ ಕುಣಿಸುವುದನ್ನು ಕಂಡು ಅಪ್ಪ ನಡುವೆ ಎದ್ದು ಹೋದರೆ, ಆಮೇಲೆ ಒಂದೇ ಮನೆಯಲ್ಲಿ ಅವನ ಮುಖ ನೋಡುವುದು ಹೇಗೆ? ಬೇಡವೆಂದುಬಿಡೋಣ ಅನ್ನಿಸಿತು. ಆದರೆ ಬೇಡವೆಂದರೆ ಆ ಸಂತೆಯ ಮನುಷ್ಯನೇ ಗೆದ್ದ ಹಾಗೆ. ಹಟ ನನಗೂ ಅಪ್ಪನಿಂದಲೇ ಬಂದದ್ದು.

ರಾಯಚೂರಿನ ಆ ಸಭಾಂಗಣದ ಹಿಂದಿನ ಕೋಣೆಯಲ್ಲಿ ರೋಬೋಟುಗಳು, ಹಸಿರು ಮುಖದವರು, ಮೂರು ಕಣ್ಣಿನವರು ಬೋಂಡಾ ತಿನ್ನುತ್ತ ಕುಳಿತಿದ್ದರು. ಗೋಡೆಗೆ ನಿಯಮ ಅಂಟಿಸಿದ್ದರು: ವೇದಿಕೆಯ ಮೇಲೆ ಪಾತ್ರದ ಹೆಸರು ಮಾತ್ರ, ಸ್ವಂತ ಹೆಸರು ಹೇಳಿದವರು, ಮುಖವಾಡ ತೆಗೆದವರು ಸ್ಪರ್ಧೆಯಿಂದ ಹೊರಗೆ. ಓದಿ ನಗು ಬಂತು. ಭವಿಷ್ಯ ನೋಡೋಣವೆಂದು ಇಷ್ಟು ದೂರ ಬಂದರೆ, ಮಲ್ಲಟದ ಕಟ್ಟಳೆ ನನಗಿಂತ ಮೊದಲೇ ಬಂದು ಕೂತಿತ್ತು.

ಮೈಕು ಹಿಡಿದಿದ್ದವನು ಶಕ್ತಿನಗರದ ಎಂಜಿನಿಯರ್ ಕಿರಣಕುಮಾರ. ಹುರುಪಿನ ಹುಡುಗ, ಒಳ್ಳೆಯವನು. ನನಗಿಂತ ಮೊದಲು ಹೋದ ತಗಡಿನ ರೋಬೋಟನ್ನು ಒಂದು ಹಾಡಿಗೆ ಕುಣಿಸಿ ಸೀಟಿ ಹೊಡೆಸಿದ್ದ.

"ಈಗ ಬರಾಕತ್ತಾಳ ನೋಡ್ರಿ, ಮಂಗಳದಾಕಿ!"

ನಡೆದೆ. ಬಗ್ಗಿ ಕೆಂಪು ಮಣ್ಣಿನಲ್ಲಿ ಸಸಿ ನೆಡುವಂತೆ ಮಾಡಿದೆ. ಚಪ್ಪಾಳೆ ಬಂತು. ಮೂರನೇ ಸಾಲಿನಲ್ಲಿ ಅಪ್ಪ ಹೆಗಲ ಟವೆಲ್ಲನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕುಳಿತಿದ್ದ.

"ನಾಟಿ ಆತಲ್ಲ, ಏ ಮಂಗಳದಾಕಿ, ಈಗ ಒಂದು ಹೆಜ್ಜಿ ಹಾಕು!"

ಸಭೆಯೆಲ್ಲ "ಕುಣಿ, ಕುಣಿ" ಎಂದು ತಾಳ ಹಾಕತೊಡಗಿತು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಮಲ್ಲಟದ ಅಂಗಳಗಳಲ್ಲಿ ನಕ್ಕವರೂ ತಾವು ಕೆಟ್ಟವರೆಂದು ತಿಳಿದಿರಲಿಲ್ಲ. ನನ್ನ ಕಾಲು ಏಳಲೇ ಇಲ್ಲ. ಉಸಿರಿಗೆ ಹೆಲ್ಮೆಟ್ಟಿನ ಗಾಜು ಮಬ್ಬಾಗಿ ಎದುರಿನ ಸಾಲುಗಳೆಲ್ಲ ಅಳಿಸಿಹೋದವು. ಅಷ್ಟರಲ್ಲಿ ಕುರ್ಚಿ ಹಿಂದೆ ಸರಿದ ಸದ್ದು ಕೇಳಿತು.

ಹೋದ ಅಂದುಕೊಂಡೆ. ಬಹುಮಾನ ಹಾಳಾಗಲಿ ಎಂದು ಹೆಲ್ಮೆಟ್ ಕಿತ್ತೆ.

ಅಪ್ಪ ಹೋಗಿರಲಿಲ್ಲ. ತನ್ನ ಜಾಗದಲ್ಲೇ ಎದ್ದು ನಿಂತಿದ್ದ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ.

"ತಮ್ಮಾ," ಎಂದ ಕಿರಣಕುಮಾರನಿಗೆ, ತರಗತಿಯ ದನಿಯಲ್ಲಿ. "ಕುಣಿ ಅನ್ನೂದಕ್ಕಿಂತ ಮೊದಲು ಅಕಿ ಹೆಸರೇನು ಅಂತ ಕೇಳಪ್ಪಾ."

"ಸರ್, ಇಲ್ಲಿ ಪಾತ್ರದ ಹೆಸರೇ ಹೇಳಬೇಕ್ರಿ. ರೂಲ್ಸ್ ಅದ."

"ಗೊತ್ತದ. ಆ ರೂಲ್ಸ್ ನನಗ ಬಾಳ ಚಲೋ ಗೊತ್ತದ." ಅಪ್ಪ ಸಭೆಯ ಕಡೆ ತಿರುಗಿದ. "ಅಕಿ ಹೆಸರು ವಿಶಾಖಾ. ನಾನು ಅಕಿ ಅಪ್ಪ, ಯಂಕೋಬ."

ತಾಳ ನಿಂತಿತ್ತು. ಕಿರಣಕುಮಾರ ಮೈಕನ್ನು ಕೆಳಗಿಳಿಸಿದ. ಅಪ್ಪ ನನ್ನ ಕಡೆ ತಿರುಗಿ, ಮನೆಯಲ್ಲಿ ಮಾತಾಡುವಷ್ಟೇ ಮೆಲ್ಲಗೆ ಹೇಳಿದ:

"ಈಗ ಕುಣಿ ಯವ್ವಾ. ನಿನಗ ಬೇಕನಿಸಿದ್ರ."

ಬೇಕನಿಸಿತು. ಅಷ್ಟು ಬೇಕೆಂದು ನನಗೇ ಗೊತ್ತಿರಲಿಲ್ಲ. ಆದರೆ ಅಲ್ಲಿಯವರೆಗೆ ವೇಷವನ್ನೇ ಹಾಕದವಳಿಗೆ ಹೆಜ್ಜೆ ಎಲ್ಲಿಂದ ಬರಬೇಕು? ದಿಕ್ಕುಗಾಣದೆ ಅಪ್ಪನನ್ನೇ ನೋಡಿದೆ. ಅವನ ಬಲಗಾಲು ಅವನಿಗೆ ತಿಳಿಯದಂತೆ ನೆಲಕ್ಕೆ ಬಡಿಯುತ್ತಿತ್ತು. ಎರಡು ಬಡಿತ, ಒಂದು ಎಳೆತ, ಮತ್ತೆ ಎರಡು ಬಡಿತ. ಅದನ್ನೇ ನೋಡಿಕೊಂಡು ಹಾಕಿದೆ. ಯೂರಿಯಾ ಚೀಲ ಕಂಕುಳಲ್ಲಿ ಹರಿಯಿತು, ಪೈಪು ಕಳಚಿ ಉರುಳಿತು, ನಾನು ನಿಲ್ಲಿಸಲಿಲ್ಲ. ಕುಣಿಯುತ್ತಲೇ ಅತ್ತೆ.

ನಿಯಮದಂತೆ ನಾನು ಹೊರಗಾದೆ. ತಗಡಿನ ರೋಬೋಟು ಗೆದ್ದಿತು. ಕಿರಣಕುಮಾರ ಮಾತ್ರ ನನ್ನ ನಂತರದ ಒಬ್ಬೊಬ್ಬರನ್ನೂ ಒಳಗೇ ಹೆಸರು ಕೇಳಿಕೊಂಡೇ ವೇದಿಕೆಗೆ ಕರೆದ.

ಸಂಜೆ ಬಸ್ ನಿಲ್ದಾಣದಲ್ಲಿ ಮಾನವಿ ಬಸ್ಸಿಗೆ ಕಾಯುತ್ತಿದ್ದೆವು. ಅಪ್ಪ ನನ್ನ ಕೈಯಲ್ಲಿದ್ದ ಹೆಲ್ಮೆಟ್ಟನ್ನು ಒಂದೆರಡು ಸಲ ನೋಡಿ, "ತಾ ನೋಡೋಣು" ಎಂದು ಇಸಿದುಕೊಂಡ. ತಿರುಗಿಸಿ, ಒಳಗೆ ಊದಿ, ತಲೆಗೆ ಹಾಕಿಕೊಂಡು ಗಾಜು ಇಳಿಸಿದ. ಕರಿ ಗಾಜಿನ ಹಿಂದೆ ಅವನ ಮುಖ ಕಾಣಿಸಲಿಲ್ಲ.

ಅದೇ ಹೊತ್ತಿಗೆ ಮಲ್ಲಟದ ಅಂಬರೇಶಣ್ಣ ಕೈಚೀಲ ಹಿಡಿದು ಎದುರಿಗೆ ಬಂದ. ಅಪ್ಪನ ಓರಗೆಯವನು. ಪಕ್ಕದಲ್ಲಿದ್ದ ಹೆಲ್ಮೆಟ್ಟಿನವನನ್ನು ಯಾರೋ ಬೈಕಿನವನೆಂದು ತಿಳಿದು, ನನ್ನನ್ನಷ್ಟೇ ಮಾತಾಡಿಸಿದ.

"ಹುಲಿ ಮಾಸ್ತರ ಮಗಳಲ್ಲೇನವಾ ನೀನು? ಹುಲಿ ಹೆಂಗದಾನ?"

ನಾನು ಬಾಯಿ ತೆರೆಯುವ ಮೊದಲೇ ಹೆಲ್ಮೆಟ್ಟಿನೊಳಗಿಂದ ಉತ್ತರ ಬಂತು.

"ಯಂಕೋಬ ಆರಾಮ ಅದಾನ."