ಗುಣಪಾಲರ ಕುಸ್ಕುಸ್

ಡೊಂಬಿವಲಿಯ ಹೋಟೆಲೊಂದರಲ್ಲಿ ಮೂವತ್ತೆರಡು ವರ್ಷ ಉಪ್ಪಿಟ್ಟು ತಿರುವಿದ ಗುಣಪಾಲರಿಗೆ ಈಗ ಸ್ವಂತ ಅಡುಗೆಮನೆಯಲ್ಲಿ ಒಲೆ ಹಚ್ಚುವ ಹಕ್ಕಿರಲಿಲ್ಲ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತ್ತು. ಅದಾದರೂ ಹೋಗಲಿ, ಆಮೇಲೊಂದು ದಿನ ಹಾಲು ಒಲೆಗಿಟ್ಟು ಟೀವಿ ಮುಂದೆ ಕೂತು ಮರೆತೇಬಿಟ್ಟಿದ್ದರು. ಹಾಲುಕ್ಕಿ ಬೆಂಕಿ ಆರಿ ಮನೆಯಿಡೀ ಗ್ಯಾಸ್! ಅಂದಿನಿಂದ ಹೆಂಡತಿ ಜಯಲತಾ ಹೊರಗೆ ಹೊರಟರೆ ಸಿಲಿಂಡರಿನ ರೆಗ್ಯುಲೇಟರ್ ಕಿತ್ತು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅಡುಗೆಯವನಿಗೆ ಇದಕ್ಕಿಂತ ಅವಮಾನ ಬೇಕೆ?

ಮಗಳು ದಿಶಾ ಆಫೀಸಿನಿಂದ ಬರುವಾಗ ಸೀವುಡ್ಸ್‌ನ ಮಾಲಿನಲ್ಲಿ ಕುಸ್ಕುಸ್ ಕೊಂಡು ತಂದಳು. ಗೋಧಿರವೆಯ ಪುಟ್ಟ ಪುಟ್ಟ ಕಾಳು. "ಗ್ಯಾಸ್ ಬೇಡ ಪಪ್ಪಾ, ಕರೆಂಟ್ ಕೆಟಲಿನ ನೀರು ಸಾಕು. ಲೇಕಿನ್ ಹಿಲಾನಾ ನಹೀ, ಸೌಟು ಹಾಕಲೇಬೇಡಿ. ಪಾಂಚ್ ಮಿನಿಟ್ ಮುಚ್ಚಿಡಿ, ಬಸ್."

"ಉಪ್ಪಿಟ್ಟಿನ ತಮ್ಮ ಅಲ್ವಾ ಇದು? ನಂಗೆ ಕಲಿಸ್ತೀಯಾ ನೀನು?"

ಕಲಿಸಬೇಕಿತ್ತು. ನೀರು ಸುರಿದದ್ದೇ ಎಡಗೈಗೆ ತಾನಾಗಿ ಸೌಟು ಬಂತು. ತಿರುವಿದರು, ತಿರುವಿದರು. ಅಯ್ಯೋ ದೇವರೇ, ಆ ಅಂಟಿನಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಬಹುದಿತ್ತು! ಜಯಲತಾ ಪಾತ್ರೆ ನೆನೆಹಾಕಿದರು. ಬೈದಿದ್ದರೇ ವಾಸಿಯಿತ್ತು.

ಮರುದಿನ ಜಯಲತಾ ಕಪಾಟಿಗೆ ಬೀಗ ಹಾಕಿ ಭಜನೆಗೆ ಹೋದ ಮೇಲೆ ಗುಣಪಾಲರು ಮತ್ತೆ ಕೆಟಲ್ ಇಟ್ಟರು. ಒಂದು ಲೋಟ ಕುಸ್ಕುಸ್, ಉಪ್ಪು, ಚಮಚ ಎಣ್ಣೆ, ಒಂದು ಲೋಟ ಕುದಿನೀರು, ಮೇಲೊಂದು ತಟ್ಟೆ. ಆಚೆ ಕೋಣೆಯ ಟೀವಿಯಲ್ಲಿ ಕ್ರಿಕೆಟ್ ಗದ್ದಲ. ಅತ್ತ ಹೋಗಲಿಲ್ಲ. ಇನ್ನೊಮ್ಮೆ ಮರೆತರೆ ಈ ಅಡುಗೆಮನೆ ತನ್ನದಲ್ಲ ಎಂಬ ಭಯ ಅವರಿಗೆ. ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡಿದರು, ತಟ್ಟೆ ನೋಡಿದರು. ಎಂಟು ತಿಂಗಳು ಸುಮ್ಮನೆ ಕೂತದ್ದಕ್ಕೆ ನಾಚಿಕೊಂಡಿದ್ದೇನೆ, ಇಲ್ಲಿ ನೋಡಿದರೆ ಸುಮ್ಮನೆ ಕೂರುವುದೇ ಕೆಲಸ, ಅಂದುಕೊಂಡರು.

ತಟ್ಟೆ ತೆಗೆದು ಬಿಸಿ ಆರಲು ಬಿಟ್ಟರು. ಇನ್ನು ಕಾಳು ಬಿಡಿಸಬೇಕು. ಉಣ್ಣುವುದಕ್ಕೆ ಎಡಗೈ ಹಾಕುವುದುಂಟೇ? ಬಲಗೈಯನ್ನೇ ಇಳಿಸಿದರು. ಸೌಟು ಹಿಡಿಯಲಾಗದ ಬೆರಳುಗಳು ನಡುಗುತ್ತಾ ನಡುಗುತ್ತಾ ಒಂದೊಂದೇ ಕಾಳನ್ನು ಬಿಡಿಸಿದವು. ಗುಣಪಾಲರ ಕಣ್ಣು ತುಂಬಿತು.

ತಲೆಯೆತ್ತಿದರೆ ಬಾಗಿಲಲ್ಲಿ ಜಯಲತಾ. ಕನ್ನಡಕ ಮರೆತು ವಾಪಸು ಬಂದವರು ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಂದು ಚಮಚ ಬಾಯಿಗಿಟ್ಟರು.

"ಉಪ್ಪು ಕಮ್ಮಿ ಆಯ್ತು ಮಾರಾಯ್ರೆ," ಎಂದು ಮತ್ತೆರಡು ಚಮಚ ತಿಂದರು.

ಆಮೇಲೆ ಕಪಾಟಿನ ಬೀಗ ತೆಗೆದರು. ರೆಗ್ಯುಲೇಟರನ್ನು ಸಿಲಿಂಡರಿಗೆ ಕೂರಿಸಿ, ಕನ್ನಡಕ ಏರಿಸಿ, ಚಪ್ಪಲಿ ಮೆಟ್ಟಿದರು.

"ಬರುವಾಗ ಆರು ಗಂಟೆ ಆಗ್ತದೆ. ಚಹಾ ಇಟ್ಟಿರಿ, ಇಬ್ಬರಿಗೂ."