ಬ್ರೇಕಿನ ಮೇಲೆ ಧಣಿಯ ಕಾಲು

“ಭಾವ-ಭಾಮೈದ ಸೇರ್ಕೊಂಡು ನನಗೇ ಟೋಪಿ ಹಾಕ್ತೀರೇನ್ರೋ, ಸೂಳೆಮಕ್ಳಾ?”

ಕ್ವಾರಿಯ ಧಣಿ ಡ್ರೈವರನನ್ನು ಕತ್ತುಪಟ್ಟಿ ಹಿಡಿದು ಸೀಟಿನಿಂದ ಎಳೆದುಹಾಕಿದ. ರಿಪೇರಿಗೆಂದು ವ್ಯಾನಿನಡಿ ಅಂಗಾತ ಮಲಗಿದ್ದ ಮೆಕ್ಯಾನಿಕ್ ಕುಳ್ಳನಿಗೆ ಭಾವನ ಹವಾಯಿ ಚಪ್ಪಲಿ ತಡವರಿಸಿದ್ದಷ್ಟೇ ಕಂಡಿತು. ವ್ಯಾನಿನ ಹಿಂಭಾಗದಲ್ಲಿ ಕಲ್ಲು ಒಡೆಯುವ ಹೆಂಗಸರು ಕಿಕ್ಕಿರಿದು ಕೂತಿದ್ದರು. ಕುಳ್ಳನ ಅಕ್ಕ, ಡ್ರೈವರನ ಹೆಂಡತಿ, ಅವರಲ್ಲೊಬ್ಬಳು. ಇಳಿದರೆ ಮತ್ತೆ ಹತ್ತಿಸಲು ಹೊತ್ತಾಗುತ್ತದೆಂದು ಧಣಿ ಅವರನ್ನು ಇಳಿಯಬಿಟ್ಟಿರಲಿಲ್ಲ.

ಬ್ರೇಕ್ ತುಳಿದರೆ ಹಸಿ ಹಿಟ್ಟು ತುಳಿದಂತಾಗುತ್ತದೆಂದು ಭಾವ ಬೆಳಿಗ್ಗೆಯೇ ಹೇಳಿದ್ದ. ಮೂರು ನಾಲ್ಕು ಸಲ ತುಳಿದರೆ ಗಟ್ಟಿಯಾಗುತ್ತಿತ್ತು. ಕಾಲು ತೆಗೆದರೆ ಮತ್ತೆ ಮೆತ್ತಗೆ. ಆಯಿಲ್ ಎಲ್ಲೂ ಸೋರಿರಲಿಲ್ಲ. ಪೈಪಿನಲ್ಲಿ ಗಾಳಿ ಸೇರಿದೆ ಅಂದಿದ್ದ ಕುಳ್ಳ. ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬ ಬ್ರೇಕ್ ತುಳಿದು ಹಿಡಿಯಬೇಕು, ಇನ್ನೊಬ್ಬ ಚಕ್ರದ ಒಳಬದಿಯ ತಿರುಪು ಸಡಿಲಿಸಿ, ಗಾಳಿ ಹೊರಗೆ ಬಿಟ್ಟು, ಬಿಗಿಯಬೇಕು. ಬಿಗಿಯುವ ಮುಂಚೆ ಮೇಲಿನವನು ಕಾಲೆತ್ತಿದರೆ ಹೋದ ಗಾಳಿಯೂ ವಾಪಸು.

ನೆಂಟರಿಬ್ಬರು ಬೇಕೆಂದೇ ಕೆಲಸ ಎಳೆಯುತ್ತಿದ್ದಾರೆಂಬ ಗುಮಾನಿಯಲ್ಲಿ ಧಣಿ ತಾನೇ ತುಳಿಯಲು ಕೂತ.

“ತುಳೀರಿ ಧಣಿ. ನಾನು ಬಿಡಿ ಅನ್ನೋವರ್ಗೂ ಎತ್ತಬೇಡಿ.”

ಕುಳ್ಳ ತಿರುಪು ಸಡಿಲಿಸಿದ. ತಿರುಪಿಗೆ ಸಿಕ್ಕಿಸಿದ ಟ್ಯೂಬಿನಲ್ಲಿ ಗುಳ್ಳೆಗಳು ಬುಳುಬುಳು ಬಂದವು. ಬಿಗಿಯುವಷ್ಟರಲ್ಲಿ ಸರಕ್ಕನೆ ಹಿಂದಕ್ಕೆ ಹೋದವು. ಇನ್ನೊಮ್ಮೆ ಹೇಳಿದ. ಮತ್ತೆ ಅದೇ. ಅಭ್ಯಾಸವಿಲ್ಲದ ಕಾಲೇನೋ ಅಂದುಕೊಂಡ ಮೊದಲು. ಆಮೇಲೆ ಅನುಮಾನ ಬಂತು. ಸೋತ ಕಾಲು ಒಮ್ಮೆ ಬೇಗ, ಒಮ್ಮೆ ತಡವಾಗಿ ಏಳುತ್ತದೆ. ಇದು ಪ್ರತಿಸಲವೂ ತಾನು ‘ಬಿಡಿ’ ಅನ್ನುವುದಕ್ಕೆ ಒಂದು ಉಸಿರು ಮುಂಚೆ ಏಳುತ್ತಿತ್ತು.

ಭಾವನನ್ನೇ ಕೂರಿಸಿ ಎಂದು ಕೇಳಿಕೊಂಡ.

“ಮಣ್ಣಲ್ಲಿ ಬಿದ್ಕೊಂಡು ನನ್ನ ಕಾಲಿಗೆ ಹುಕುಂ ಮಾಡ್ತೀಯೇನೋ, ಬೋಳಿಮಗನೆ? ಸಾಕು ನಾಟಕ. ಗಾಡಿ ಕ್ವಾರಿ ಗುಂಡಿಗೆ ಇಳೀಲಿ.”

ಇಳಿಜಾರಿನಲ್ಲಿ ನಾಲ್ಕು ಸಲ ತುಳಿಯುವಷ್ಟು ಹೊತ್ತೆಲ್ಲಿ ಸಿಗುತ್ತದೆ ಎಂದು ಭಾವ ಗೊಣಗಿದ. ಹಾಗಾದರೆ ಗಂಡ-ಹೆಂಡಿರಿಬ್ಬರೂ ನಾಳೆಯಿಂದ ಮನೆಯಲ್ಲೇ ಇರಲಿ ಅಂದ ಧಣಿ, ಕೆಳಗಿಳಿಯುತ್ತಾ.

ಹವಾಯಿ ಚಪ್ಪಲಿಗಳು ಬಾಗಿಲ ಬಳಿ ಬಂದವು. ನಿಂತವು. ಆಮೇಲೆ ಒಂದೊಂದಾಗಿ ನೆಲ ಬಿಟ್ಟು ಮೇಲೆ ಹೋದವು.

ಕುಳ್ಳ ಸ್ಪ್ಯಾನರ್ ಹಾಕಿ ತಿರುಪನ್ನು ಪೂರ್ತಿ ಬಿಚ್ಚಿದ. ಆಯಿಲ್ ಮೊಣಕೈವರೆಗೆ ಹರಿಯಿತು.

“ಈಗ ತುಳಿ ಭಾವ. ಎಷ್ಟು ಬೇಕಾದ್ರೂ ತುಳಿ.”

ಪೆಡಲು ದಡ್ಡನೆ ತಳಕ್ಕೆ ಬಡಿಯಿತು. ಮತ್ತೆ ತುಳಿದರೂ ದಡ್ಡನೆ.

ಬ್ರೇಕೇ ಇಲ್ಲದ ಗಾಡಿ ಇನ್ನು ಗುಂಡಿಗಿಳಿಯದೆಂದು ಧಣಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಏನು ಬಿಚ್ಚಿದೆಯೋ ಕೊಡು ಎಂದು, ಹೊರಚಾಚಿದ್ದ ಕುಳ್ಳನ ಮೊಣಕಾಲಿಗೆ ಬೂಟಿನಿಂದ ಒದ್ದ. ಕುಳ್ಳ ತಿರುಪನ್ನು ಬಾಯಿಗೆ ಹಾಕಿಕೊಂಡು ತುಟಿ ಬಿಗಿದ. ಆಯಿಲಿನ ಕಹಿ ನಾಲಿಗೆ ಸುಟ್ಟಿತು. ಎರಡನೆಯ ಒದೆಗೂ ಅವನು ಬಾಯಿ ಬಿಡಲಿಲ್ಲ.

ಹಿಂಬಾಗಿಲಿನ ಅಗುಳಿ ಸರಿದ ಸದ್ದಾಯಿತು. ಇಳಿಯಬೇಡಿ ಎಂದು ಧಣಿ ಅತ್ತ ತಿರುಗಿದ. ಧೂಳಿನೊಳಕ್ಕೆ ಅಕ್ಕನ ಬರಿಗಾಲು ಇಳಿಯಿತು. ಅದರ ಪಕ್ಕ ಇನ್ಯಾರದೋ ಇಳಿಯಿತು.