ಎರಡು ಗೆರೆ ಕೂಡಿದ ಜಾಗ

ನಾನು ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟುವ ಒಂದು ಮೀಟರ್. ಹುಟ್ಟಿದ್ದು ಲೂಧಿಯಾನದ ಕಾರ್ಖಾನೆಯಲ್ಲಿ, ಬಾಳಿದ್ದು ವಿಜಯಪುರದ ಬಿಸಿಲಿನಲ್ಲಿ. ಸೈಕಲ್ ಎಷ್ಟು ವೇಗವಾಗಿ ಓಡುತ್ತಿದೆ ಎಂದು ಕ್ಷಣಕ್ಷಣಕ್ಕೂ ಬರೆದಿಡುವುದು ನನ್ನ ಕೆಲಸ. ಎಲ್ಲಿದೆ ಎಂದು ಕೇಳಿದರೆ ಮಾತ್ರ ನನಗೆ ಉತ್ತರ ಗೊತ್ತಿಲ್ಲ.

ನನ್ನ ಒಡತಿ ದಾನಮ್ಮ, ಪಿಯುಸಿ ಹುಡುಗಿ. ಜಿಲ್ಲಾ ಸೈಕಲ್ ತಂಡದ ಆಯ್ಕೆಯ ಓಟದ ದಿನ ಅವಳೂ ಗೆಳತಿ ಲಗಮವ್ವನೂ ಒಟ್ಟಿಗೆ ಹೊರಟರು. ಲಗಮವ್ವ ಮುಂದೆ ಹೋದಳು, ತಿರುವಿನಲ್ಲಿ ಬಿದ್ದು ಕೈ ಮುರಿದುಕೊಂಡಳು. ಹೇಗೆ ಬಿದ್ದಳೋ ಅವಳಿಗೇ ನೆನಪಿಲ್ಲ. ದಾನಮ್ಮನೇ ದಬ್ಬಿದಳೆಂದು ಗುಸುಗುಸು ಎದ್ದಿತು.

ತಂಡ ಕಟ್ಟುವವರು ಕಾಲೇಜಿನ ಗಣಿತದ ಇಂಗಳೇಶ್ವರ ಸರ್. ಅವರು ಇಬ್ಬರ ಮೀಟರನ್ನೂ ಬಿಚ್ಚಿಕೊಂಡು, ವೇಗದ ಎರಡು ಗೆರೆಗಳನ್ನು ಒಂದೇ ನಕ್ಷೆಯಲ್ಲಿ ಎಳೆದರು. ಲಗಮವ್ವ ಬೀಳುವ ಹೊತ್ತಿಗೆ ಸರಿಯಾಗಿ ಗೆರೆಗಳು ಒಂದನ್ನೊಂದು ಕತ್ತರಿಸಿದ್ದವು.

"ನೋಡು, ಇಲ್ಲೇ ಅಕಿನ್ನ ಹಿಡದಿ. ಇಲ್ಲೇ ದಬ್ಬಿದಿ!"

"ನಾ ಅಕಿ ಹತ್ರ ಸುದ್ದಾ ಇರಲಿಲ್ರಿ ಸರ."

"ಬಾಯಿ ಮುಚ್ಚು. ಲೆಕ್ಕ ಸುಳ್ಳ ಹೇಳೂದಿಲ್ಲ."

ದಾನಮ್ಮನನ್ನು ತಂಡದಿಂದ ಕೈಬಿಟ್ಟರು. ಮಾನ ಹೋಯಿತೆಂದು ಅಪ್ಪ ಸೈಕಲ್ಲನ್ನೇ ಮಾರಿದ. ನಾನು ಮಾತ್ರ ಸಾಕ್ಷಿಯಾಗಿ ಸರ್ ಬಳಿ ಉಳಿದೆ.

ಮುಂದೆ ತರಗತಿಯಲ್ಲಿ ಅನುಕಲನದ ಪಾಠ ಬಂತು. ವೇಗದ ಗೆರೆಯ ಕೆಳಗಿನ ವಿಸ್ತೀರ್ಣವೇ ಸಾಗಿದ ದೂರ ಎನ್ನುತ್ತ, ಸರ್ ನನ್ನನ್ನು ಮೇಜಿನ ಮೇಲಿಟ್ಟು ಅದೇ ನಕ್ಷೆಯನ್ನು ಹುರುಪಿನಿಂದ ಹಲಗೆಗೆ ಏರಿಸಿದರು. ಗೆರೆಗಳು ಕೂಡಿದ ಕ್ಷಣದವರೆಗೆ ಎರಡೂ ವಿಸ್ತೀರ್ಣ ತೆಗೆದು, ಒಂದರಿಂದ ಒಂದನ್ನು ಕಳೆದರು. ಸೀಮೆಸುಣ್ಣ ನಿಂತುಬಿಟ್ಟಿತು. ಅಲ್ಲಿ ಸಮವಾಗಿದ್ದದ್ದು ಇಬ್ಬರ ವೇಗ ಮಾತ್ರ, ಸಾಗಿದ ದೂರವಲ್ಲ! ಲಗಮವ್ವ ಬೀಳುತ್ತ ನಿಧಾನವಾಗಿದ್ದಳು, ಅದಕ್ಕೇ ಅವಳ ಗೆರೆ ಇಳಿದು ದಾನಮ್ಮನದನ್ನು ದಾಟಿತ್ತು. ದಾನಮ್ಮ ಆಗ ಎಂದಿಗಿಂತ ಹೆಚ್ಚು ಹಿಂದಿದ್ದಳು, ಕೂಗಿದರೂ ಕೇಳಿಸದಷ್ಟು. ಅಯ್ಯೋ, ಕಲಿಸುವವರೇ ಇದನ್ನು ಮರೆಯುವುದೇ? ತಿರುಗಿ ಮಕ್ಕಳನ್ನು ನೋಡಲು ಸರ್‌ಗೆ ಮುಖವಿರಲಿಲ್ಲ.

ಅಂದು ಸಂಜೆ ನನ್ನನ್ನು ಜೇಬಿನಲ್ಲಿಟ್ಟುಕೊಂಡು ಅವಳ ಮನೆಗೆ ಹೋದರು. ದಾನಮ್ಮ ರೊಟ್ಟಿ ಬಡಿಯುತ್ತಿದ್ದಳು. ಸರ್ ಹೊಸ್ತಿಲ ಹೊರಗೇ ನಿಂತರು.

"ತಪ್ಪಾತವಾ. ಲೆಕ್ಕ ಮಾಡಿ ನೋಡಿದೆ. ನೀ ದಬ್ಬಿಲ್ಲ."

ಅವಳು ಕೈಗೆ ಮೆತ್ತಿದ ಹಿಟ್ಟು ಉಜ್ಜಿಕೊಳ್ಳುತ್ತ, "ನಾ ಅವತ್ತ ಹೇಳಿದ್ನಲ್ರಿ ಸರ" ಎಂದಳು. ಸರ್ ಕತ್ತು ಬಗ್ಗಿಸಿ, ನನ್ನನ್ನು ಜೇಬಿನಿಂದ ತೆಗೆದು ಹೊಸ್ತಿಲ ಮೇಲಿಟ್ಟರು.

ತಂಡ ಅಷ್ಟರಲ್ಲಿ ಸ್ಪರ್ಧೆ ಮುಗಿಸಿ ಬಂದಾಗಿತ್ತು. ನಾನೀಗ ಬ್ಯಾಟರಿ ಸತ್ತು ಅವಳ ಮನೆಯ ಗೋಡೆಗೂಡಿನಲ್ಲಿ ಕೂತಿದ್ದೇನೆ. ನಾನೇನೂ ಸುಳ್ಳು ಹೇಳಿಲ್ಲ. ಆದರೂ ಅವಳು ಹತ್ತಿರ ಸುಳಿದರೆ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ. ಬಾಯಿದ್ದವಳು ಎದುರಿಗೇ ನಿಂತಿದ್ದಳು; ಸರ್ ಕೇಳಿದ್ದು ನನ್ನನ್ನು.